ಹಾಲ್ಡೇನ್ ಲೆಕ್ಕದಲ್ಲಿ ನಾನೂ ಒಬ್ಬ

1964ರ ಡಿಸೆಂಬರ್ 1ರಂದು ಭುವನೇಶ್ವರದಲ್ಲಿ ಜೆ.ಬಿ.ಎಸ್. ಹಾಲ್ಡೇನ್ ತೀರಿಕೊಂಡರು. ಆಗ ಅವರಿಗೆ 72 ವರ್ಷ. ಹುಟ್ಟಿದ್ದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ, ಕಣ್ಣು ಮುಚ್ಚಿದಾಗ ಭಾರತದ ಪ್ರಜೆ. ಅವರ ಇಚ್ಛೆಯಂತೆ ದೇಹವನ್ನು ಸುಡಲಿಲ್ಲ, ಹೂಳಲೂ ಇಲ್ಲ. ಆಂಧ್ರದ ಕಾಕಿನಾಡದಲ್ಲಿರುವ ರಂಗರಾಯ ವೈದ್ಯಕೀಯ ಕಾಲೇಜಿಗೆ, ವಿದ್ಯಾರ್ಥಿಗಳ ಕಲಿಕೆಗೆಂದು ಕೊಟ್ಟರು. ಎರಡು ಮದುವೆಯಾಗಿದ್ದ ಅವರಿಗೆ ಮಕ್ಕಳಿರಲಿಲ್ಲ. ತಿಥಿ ಮಾಡುವವರಿಲ್ಲ, ಹೆಸರು ಹೇಳುವವರಿಲ್ಲ ಎಂದು ನಮ್ಮೂರಿನವರಾಗಿದ್ದರೆ ಮರುಗುತ್ತಿದ್ದರು. ಆದರೆ ವಂಶದಲ್ಲಿ ಏನು ಉಳಿಯುತ್ತದೆ, ಏನು ಅಳಿಯುತ್ತದೆ, ಅಳಿಯಬೇಕಾದದ್ದು ಮತ್ತೆ ಮತ್ತೆ ಹೇಗೆ ಹುಟ್ಟುತ್ತದೆ ಎಂಬುದನ್ನು ಗಣಿತದಲ್ಲಿ ಬಿಡಿಸಿ ತೋರಿಸಿದ ಮೊದಲಿಗರಲ್ಲಿ ಅವರು ಒಬ್ಬರು.

ನಾನು ರಾಯಚೂರಿನವನು. ಎಂ.ಟೆಕ್ ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆಂದು ಹೈದರಾಬಾದಿಗೆ ಬಂದು ಒಂಬತ್ತು ವರ್ಷವಾಯಿತು. ಜೊತೆಯವರೆಲ್ಲ ಗಚ್ಚಿಬೌಲಿ, ಕೊಂಡಾಪುರದ ಕಡೆ ಮನೆ ಮಾಡಿದರೆ ನಾವು ಸುಲ್ತಾನ್ ಬಜಾರಿನಲ್ಲಿದ್ದೇವೆ. ಹೆಂಡತಿಗೆ ಕೋಠಿಯ ಬ್ಯಾಂಕ್ ಸ್ಟ್ರೀಟ್‌ನಲ್ಲಿ ಕೆಲಸ, ನನಗೆ ಮೆಟ್ರೊ ಇದೆ. ಸೀರೆ ಅಂಗಡಿ, ಬಳೆ ಅಂಗಡಿ, ಕಿವಿ ತುಂಬ ದಖ್ಖನಿ ಉರ್ದು, ಕಾಚಿಗೂಡದ ಕಡೆ ಹೋದರೆ ಕನ್ನಡದ ನೃಪತುಂಗ ಶಾಲೆ. ರಾಯಚೂರಿನವನಿಗೆ ಇದು ಪರಊರು ಅನ್ನಿಸುವುದೇ ಇಲ್ಲ. ಇದೇ ಬಜಾರಿನಲ್ಲಿ ಸರ್ಕಾರಿ ಹೆರಿಗೆ ಆಸ್ಪತ್ರೆಯೂ ಇದೆ. ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಬಸುರಿಯರು, ಅವರ ಕೈ ಹಿಡಿದ ತಾಯಂದಿರು, ಬಟ್ಟೆಯಲ್ಲಿ ಸುತ್ತಿದ ಕೂಸುಗಳು ಎದುರಾಗುತ್ತವೆ. ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗದವರಿಗೆ ಅದು ಸುಲಭದ ದಾರಿಯಲ್ಲ.

ನಾವು ಮೊದಲು ತೋರಿಸಿದ ಕ್ಲಿನಿಕ್‌ನಲ್ಲಿ ಎರಡು ವರ್ಷ ಪರೀಕ್ಷೆಗಳನ್ನೆಲ್ಲ ನನ್ನ ಹೆಂಡತಿಗೇ ಬರೆದುಕೊಟ್ಟರು. ಸ್ಕ್ಯಾನು, ಹಾರ್ಮೋನು, ಮತ್ತೆ ಸ್ಕ್ಯಾನು. ಬೇರೆ ಕಡೆ ಹೋದಾಗ ಅಲ್ಲಿನ ಡಾಕ್ಟರು ಮೊದಲ ದಿನವೇ ನನ್ನ ವೀರ್ಯ ಪರೀಕ್ಷೆ ಮಾಡಿಸಿದರು. ಅದರಲ್ಲಿ ವೀರ್ಯಾಣುಗಳೇ ಇರಲಿಲ್ಲ. ಆಮೇಲೆ ರಕ್ತ ತೆಗೆದು ವರ್ಣತಂತುಗಳನ್ನು ನೋಡಿದರು. ನನ್ನ ವೈ ವರ್ಣತಂತುವಿನಲ್ಲಿ ಎಝಡ್‌ಎಫ್‌ಸಿ ಎಂಬ ಭಾಗ ಇಲ್ಲ ಎಂದು ರಿಪೋರ್ಟು ಬಂತು. ಸುಮಾರು 35 ಲಕ್ಷ ಅಕ್ಷರಗಳ ಒಂದು ತುಣುಕು. ಅಷ್ಟು ಬಿಟ್ಟರೆ ನಾನು ಆರೋಗ್ಯವಂತ.

ಅದೇ ದಿನಗಳಲ್ಲಿ ಕೋಠಿಯ ಹಳೆ ಪುಸ್ತಕದ ಅಂಗಡಿ ಸಾಲಿನಲ್ಲಿ ಹಾಲ್ಡೇನರ ಪ್ರಬಂಧಗಳ ಒಂದು ಹಳೇ ಪ್ರತಿ ಸಿಕ್ಕಿತು. ಅದನ್ನು ಓದಿ ಅವರ ಜೀವನದ ಬೆನ್ನು ಹತ್ತಿದೆ. ನನ್ನ ರಿಪೋರ್ಟು ನನಗೆ ಅರ್ಥವಾದದ್ದು ಹೆಚ್ಚಾಗಿ ಅವರಿಂದಲೇ. ಆದ್ದರಿಂದ ಅವರ ಕಥೆ ಹೇಳುತ್ತೇನೆ.

ಹಾಲ್ಡೇನ್ ಹುಟ್ಟಿದ್ದು 1892ರ ನವೆಂಬರ್ 5ರಂದು. ತಂದೆ ಜಾನ್ ಸ್ಕಾಟ್ ಹಾಲ್ಡೇನ್ ಉಸಿರಾಟದ ಬಗ್ಗೆ, ಗಣಿಯೊಳಗಿನ ವಿಷಗಾಳಿಯ ಬಗ್ಗೆ ಸಂಶೋಧನೆ ಮಾಡುತ್ತಿದ್ದ ದೊಡ್ಡ ಹೆಸರು. ಮಗನನ್ನು ಚಿಕ್ಕಂದಿನಲ್ಲೇ ಗಣಿಗೆ ಕರೆದುಕೊಂಡು ಹೋಗುತ್ತಿದ್ದರು. ಒಮ್ಮೆ ಹುಡುಗನನ್ನು ನಿಲ್ಲಿಸಿ ಷೇಕ್ಸ್‌ಪಿಯರನ ನಾಟಕದ ಒಂದು ಭಾಷಣ ಒಪ್ಪಿಸಲು ಹೇಳಿದರು. ಮೀಥೇನ್ ತುಂಬಿದ ಜಾಗದಲ್ಲಿ ಹುಡುಗ ಅರ್ಧದಲ್ಲೇ ಕುಸಿದ. ಆ ಅನಿಲ ಹಗುರ, ಮೇಲೆ ನಿಲ್ಲುತ್ತದೆ, ನೆಲಕ್ಕೆ ಬಿದ್ದವನು ಮತ್ತೆ ಉಸಿರಾಡಬಲ್ಲ ಎಂಬ ಪಾಠ ಹೀಗೆ ಕಲಿಸಿದ್ದು. ತನ್ನ ಮೈಯನ್ನೇ ಪ್ರಯೋಗಶಾಲೆ ಮಾಡಿಕೊಳ್ಳುವ ಅಭ್ಯಾಸ ಅವರಿಗೆ ಅಲ್ಲಿಂದ ಬಂತು. ಮುಂದೆ ರಕ್ತದ ಆಮ್ಲೀಯತೆ ತಿಳಿಯಲು ಅಮೋನಿಯಂ ಕ್ಲೋರೈಡ್ ಕುಡಿದರು. 1939ರಲ್ಲಿ ಥೀಟಿಸ್ ಜಲಾಂತರ್ಗಾಮಿ ಮುಳುಗಿದ ಮೇಲೆ, ಒಳಗಿದ್ದವರು ಹೇಗೆ ಸತ್ತರು, ಮುಂದೆ ಹೇಗೆ ಉಳಿಸಬಹುದು ಎಂದು ತಿಳಿಯಲು ಒತ್ತಡದ ಕೋಣೆಯಲ್ಲಿ ತಾವೇ ಹೋಗಿ ಕೂತರು.

ವಿಚಿತ್ರವೆಂದರೆ ವಿಜ್ಞಾನದಲ್ಲಿ ಅವರಿಗೆ ಪದವಿ ಇರಲಿಲ್ಲ. ಆಕ್ಸ್‌ಫರ್ಡ್‌ನಲ್ಲಿ ಓದಿದ್ದು ಗಣಿತ, ಆಮೇಲೆ ಗ್ರೀಕ್ ಮತ್ತು ಲ್ಯಾಟಿನ್ ಸಾಹಿತ್ಯ, ತತ್ತ್ವಶಾಸ್ತ್ರ. ಅನುವಂಶೀಯತೆಯ ಹುಚ್ಚು ಹತ್ತಿದ್ದು ಮನೆಯಲ್ಲಿ, ತಂಗಿ ನವೋಮಿ ಸಾಕಿದ್ದ ಗಿನಿಯಿಲಿಗಳಿಂದ. ಅಣ್ಣ ತಂಗಿ ಇಬ್ಬರೂ ಎ.ಡಿ. ಸ್ಪ್ರಂಟ್ ಎಂಬ ಗೆಳೆಯನೊಡನೆ ಸೇರಿ ಇಲಿಗಳಲ್ಲಿ ಎರಡು ಗುಣಗಳು ಜೊತೆಯಾಗಿ ಮರಿಗಳಿಗೆ ಹೋಗುವುದನ್ನು ಕಂಡುಹಿಡಿದರು. 1915ರಲ್ಲಿ ಅದು ಅಚ್ಚಾಗುವ ಹೊತ್ತಿಗೆ ಮೊದಲ ಮಹಾಯುದ್ಧ ನಡೆದಿತ್ತು. ಸ್ಪ್ರಂಟ್ ಯುದ್ಧದಲ್ಲಿ ಸತ್ತರು. ಹಾಲ್ಡೇನ್ ಫ್ರಾನ್ಸಿನಲ್ಲಿ ಕಾದಾಡಿ, ಮೆಸೊಪೊಟೇಮಿಯಾದಲ್ಲಿ, ಅಂದರೆ ಇಂದಿನ ಇರಾಕಿನಲ್ಲಿ, ಗಾಯಗೊಂಡು ಚೇತರಿಸಿಕೊಳ್ಳಲು ಭಾರತಕ್ಕೆ ಬಂದರು. ಈ ದೇಶದೊಡನೆ ಅವರ ನಂಟು ಹಾಗೆ ಶುರುವಾಯಿತು. ಆಳುವವನಾಗಿ ಅಲ್ಲ, ಇಲ್ಲಿನವರ ಸಮಾನನಾಗಿ ಬರಲು ಸಾಧ್ಯವಾದಾಗ ಮಾತ್ರ ಮತ್ತೆ ಬರುತ್ತೇನೆ ಎಂದು ಆಗಲೇ ನಿಶ್ಚಯಿಸಿದ್ದರು.

ಗಂಡಿನ ಬಂಜೆತನಕ್ಕೂ ಹಾಲ್ಡೇನರಿಗೂ ನೇರ ನಂಟು ಇರುವುದು 1922ರ ಒಂದು ಸಣ್ಣ ಬರಹದಲ್ಲಿ. ಎರಡು ಬೇರೆ ಜಾತಿಯ ಪ್ರಾಣಿಗಳು ಕೂಡಿದಾಗ ಹುಟ್ಟುವ ಮರಿಗಳಲ್ಲಿ ಒಂದು ಲಿಂಗದವು ಮಾತ್ರ ಬಂಜೆಯಾದರೆ ಅವು ಯಾವುವು? ಉತ್ತರ ಎಲ್ಲೆಡೆ ಒಂದೇ ಬಗೆಯದು ಎಂದು ಅವರು ಗಮನಿಸಿದರು. ಲಿಂಗ ನಿರ್ಧರಿಸುವ ಎರಡು ವರ್ಣತಂತುಗಳು ಯಾರಲ್ಲಿ ಬೇರೆ ಬೇರೆಯೋ ಅವರಿಗೇ ಪೆಟ್ಟು. ಸಸ್ತನಿಗಳಲ್ಲಿ ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್ ಒಂದು ವೈ. ಹಾಗಾಗಿ ಪೆಟ್ಟು ಗಂಡಿಗೆ. ಯಾಕ್ ಮತ್ತು ಹಸುವಿನ ಮಿಶ್ರತಳಿಯಲ್ಲಿ ಹೆಣ್ಣು ಈಯುತ್ತದೆ, ಗಂಡು ಬಂಜೆ. ಹಕ್ಕಿಗಳಲ್ಲಿ ಜೋಡಿ ತಪ್ಪಿರುವುದು ಹೆಣ್ಣಿಗೆ, ಅಲ್ಲಿ ಹೆಣ್ಣೇ ಬಂಜೆ. ಇದಕ್ಕೆ ಇಂದಿಗೂ ಹಾಲ್ಡೇನ್ ನಿಯಮ ಎಂದೇ ಹೆಸರು. ಮನುಷ್ಯನ ಬಂಜೆತನದ ಬಗ್ಗೆ ಅದು ನೇರವಾಗಿ ಏನನ್ನೂ ಹೇಳುವುದಿಲ್ಲ. ಆದರೆ ಸಂತಾನ ನಿಲ್ಲುವ ಕಾರಣ ಗಂಡಿನ ವರ್ಣತಂತುಗಳಲ್ಲೂ ಇರಬಹುದು ಎಂಬ ಯೋಚನೆ ನೂರು ವರ್ಷಕ್ಕಿಂತ ಹಳೆಯದು ಎಂದು ತಿಳಿದಾಗ ನಾನು ಬೆರಗಾದೆ. ನಮ್ಮ ಭಾಷೆಯಲ್ಲಿ ಬಂಜೆ ಎಂಬುದು ಹೆಂಗಸಿಗೆ ಮಾತ್ರ ಅಂಟಿದ ಪದ. ಗಂಡಸಿಗೆ ಹೇಳಲು ಇರುವ ಪದಗಳೆಲ್ಲ ಬೈಗುಳಗಳು, ಅವೂ ಬೇರೆ ಅರ್ಥದವು. ದಾಂಪತ್ಯದಲ್ಲಿ ಯಾವ ಕೊರತೆಯೂ ಇಲ್ಲದ ಗಂಡಸಿನಲ್ಲೂ ವೀರ್ಯಾಣು ಇಲ್ಲದಿರಬಹುದು ಎಂಬುದಕ್ಕೆ ಊರಿನ ಕಟ್ಟೆಯಲ್ಲಿ ಮಾತೇ ಇಲ್ಲ.

1923ರಲ್ಲಿ ಹಾಲ್ಡೇನ್ ಕೇಂಬ್ರಿಜ್‌ಗೆ ಹೋದರು. ಅದೇ ವರ್ಷ ಡೀಡಲಸ್ ಎಂಬ ಹೆಸರಿನ ಒಂದು ಉಪನ್ಯಾಸ ಕೊಟ್ಟರು. ತಾಯಿಯ ದೇಹದ ಹೊರಗೆ ಭ್ರೂಣ ಬೆಳೆಸುವ ಕಾಲ ಬರುತ್ತದೆ, ಅಂಥ ಮೊದಲ ಮಗು 1951ರಲ್ಲಿ ಹುಟ್ಟುತ್ತದೆ ಎಂದು ಅದರಲ್ಲಿ ಕಲ್ಪಿಸಿದ್ದರು. ಪೂರ್ತಿ ಹಾಗೆ ಇನ್ನೂ ಆಗಿಲ್ಲ. ಆದರೆ ದೇಹದ ಹೊರಗೆ ಗರ್ಭಕಟ್ಟಿದ ಮೊದಲ ಮಗು 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಹುಟ್ಟಿತು. ಅದೇ ವರ್ಷದ ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಭಾರತದ ಮೊದಲ ಮಗು ಹುಟ್ಟಿತು. ಮುಖೋಪಾಧ್ಯಾಯರನ್ನು ಆಗ ಯಾರೂ ನಂಬಲಿಲ್ಲ. ಅವರು 1981ರಲ್ಲಿ ಜೀವ ಕಳೆದುಕೊಂಡರು.

ಕೇಂಬ್ರಿಜ್‌ನಲ್ಲಿ ಹಾಲ್ಡೇನರ ಬದುಕು ಬೀದಿಗೆ ಬಿತ್ತು. ಷಾರ್ಲೆಟ್ ಎಂಬ ಪತ್ರಕರ್ತೆಯನ್ನು ಅವರು ಪ್ರೀತಿಸಿದರು. ಆಕೆಗೆ ಮದುವೆಯಾಗಿತ್ತು, ಒಬ್ಬ ಮಗನಿದ್ದ. ಆಕೆಯ ವಿಚ್ಛೇದನದ ಪ್ರಕರಣದಲ್ಲಿ ಇವರ ಹೆಸರೂ ಬಂತು. ನಡತೆಗೆಟ್ಟವನೆಂದು ವಿಶ್ವವಿದ್ಯಾಲಯ 1925ರಲ್ಲಿ ಕೆಲಸದಿಂದ ತೆಗೆಯಿತು. ಹಾಲ್ಡೇನ್ ಮೇಲ್ಮನವಿ ಹಾಕಿ ಗೆದ್ದು ಕೆಲಸ ಉಳಿಸಿಕೊಂಡರು. 1926ರಲ್ಲಿ ಇಬ್ಬರೂ ಮದುವೆಯಾದರು. ಅವರಿಗೆ ಮಕ್ಕಳಾಗಲಿಲ್ಲ. 1945ರಲ್ಲಿ ಆ ಸಂಬಂಧ ಮುರಿದು ಶಿಷ್ಯೆ ಹೆಲೆನ್ ಸ್ಪರ್ವೆಯವರನ್ನು ಮದುವೆಯಾದರು. ಆಗಲೂ ಮಕ್ಕಳಾಗಲಿಲ್ಲ. ಕಾರಣ ಯಾರಲ್ಲಿತ್ತು ಎಂದು ಹುಡುಕುವುದು ನನ್ನ ಕೆಲಸವಲ್ಲ. ನನಗೂ ನನ್ನ ಹೆಂಡತಿಗೂ ಹಾಗೆ ಹುಡುಕುವವರ ಕಾಟ ಸಾಕಾಗಿದೆ.

ಅವರ ನಿಜವಾದ ದೊಡ್ಡ ಕೆಲಸ ನಡೆದದ್ದು ಆ ಗದ್ದಲದ ನಡುವೆಯೇ. 1924ರಿಂದ ಬರೆದ ಸರಣಿ ಲೇಖನಗಳಲ್ಲಿ ಡಾರ್ವಿನ್‌ನ ನಿಸರ್ಗದ ಆಯ್ಕೆಯನ್ನು ಮೆಂಡೆಲ್‌ನ ಅನುವಂಶೀಯ ನಿಯಮಗಳೊಡನೆ ಗಣಿತದಿಂದ ಜೋಡಿಸಿದರು. 1933ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಹೋದರು. ಅಲ್ಲಿ 1935ರಲ್ಲಿ ಒಂದು ಸರಳ ಪ್ರಶ್ನೆ ಕೇಳಿಕೊಂಡರು. ಕುಸುಮರೋಗ, ಅಂದರೆ ಹಿಮೋಫಿಲಿಯಾ, ಇರುವ ಗಂಡಸರಲ್ಲಿ ಹೆಚ್ಚಿನವರು ಆ ಕಾಲದಲ್ಲಿ ಮಕ್ಕಳಾಗುವ ಮೊದಲೇ ಸಾಯುತ್ತಿದ್ದರು. ಹಾಗಾದರೆ ಆ ದೋಷವಿರುವ ವಂಶವಾಹಿ ಕೆಲವು ತಲೆಮಾರುಗಳಲ್ಲಿ ಮುಗಿದುಹೋಗಬೇಕಿತ್ತು. ಯಾಕೆ ಮುಗಿದಿಲ್ಲ?

ಊರ ಕೆರೆಯಿಂದ ದಿನಾ ನೀರು ಹರಿದು ಹೋಗುತ್ತಿದ್ದರೂ ಮಟ್ಟ ಇಳಿಯುತ್ತಿಲ್ಲವೆಂದರೆ ಎಲ್ಲಿಂದಲೋ ಅಷ್ಟೇ ನೀರು ಒಳಗೆ ಬರುತ್ತಿದೆ ಎಂದರ್ಥ. ಹಾಲ್ಡೇನ್ ಹೇಳಿದ್ದೂ ಅದನ್ನೇ. ಸತ್ತವರೊಡನೆ ಎಷ್ಟು ಹೋಗುತ್ತದೋ ಅಷ್ಟು ಹೊಸದಾಗಿ, ಆರೋಗ್ಯವಂತ ತಂದೆತಾಯಿಯರ ಜೀವಕೋಶಗಳಲ್ಲಿ, ನಕಲಿನ ದೋಷದಿಂದ ಹುಟ್ಟುತ್ತಿರಬೇಕು. ಎಷ್ಟು ಎಂದೂ ಲೆಕ್ಕ ಹಾಕಿದರು. ಪ್ರತಿ ತಲೆಮಾರಿನಲ್ಲಿ ಸುಮಾರು 50,000 ವರ್ಣತಂತುಗಳಿಗೆ ಒಂದು. ಮನುಷ್ಯನ ಒಂದು ವಂಶವಾಹಿ ಎಷ್ಟು ಸಲ ಬದಲಾಗುತ್ತದೆ ಎಂಬುದರ ಮೊದಲ ಅಂದಾಜು ಅದು. ಡಿಎನ್‌ಎ ರಚನೆ ಗೊತ್ತಾಗಲು ಇನ್ನೂ 18 ವರ್ಷ ಬಾಕಿ ಇತ್ತು. 1947ರಲ್ಲಿ ಇನ್ನೊಂದು ಹೆಜ್ಜೆ ಇಟ್ಟು, ಇಂಥ ಹೊಸ ದೋಷಗಳು ಹೆಂಗಸರಿಗಿಂತ ಗಂಡಸರಲ್ಲೇ ಹೆಚ್ಚು ಹುಟ್ಟುತ್ತವೆ ಎಂದು ತೋರಿಸಿದರು. ವೀರ್ಯಾಣುಗಳನ್ನು ಮಾಡುವ ಕೋಶಗಳು ಜೀವಮಾನವಿಡೀ ಒಡೆಯುತ್ತಲೇ, ನಕಲಾಗುತ್ತಲೇ ಇರುತ್ತವೆ. ನಕಲು ಹೆಚ್ಚಾದಷ್ಟೂ ದೋಷ ಹೆಚ್ಚು.

ಈ ಲೆಕ್ಕ ಓದುವಾಗ ನನ್ನ ರಿಪೋರ್ಟು ಕಣ್ಣ ಮುಂದೆ ಬಂತು. ನನ್ನ ಅಪ್ಪನಿಗೆ ನಾವು ಮೂವರು ಮಕ್ಕಳು. ತಮ್ಮನಿಗೆ ಎರಡು ಮಕ್ಕಳು. ಹಾಗಿದ್ದರೆ ನನ್ನೊಬ್ಬನಿಗೆ ಇದು ಎಲ್ಲಿಂದ ಬಂತು? ಯಾವ ದೋಷ ಮಕ್ಕಳಾಗುವುದನ್ನೇ ತಡೆಯುತ್ತದೋ ಅದು ತಲೆಮಾರುಗಳಿಂದ ಹರಿದು ಬರುವುದು ಕಷ್ಟ. ಹಾಲ್ಡೇನರ ಕೆರೆಯ ಲೆಕ್ಕದಂತೆ ಅದು ಹೆಚ್ಚಿನ ಪಾಲು ಹೊಸದಾಗಿಯೇ ಹುಟ್ಟಬೇಕು. ನಿಜಕ್ಕೂ ಹಾಗೆಯೇ ಆಗುತ್ತದೆ.

ಅದರ ಯಂತ್ರವೂ ಈಗ ಗೊತ್ತಾಗಿದೆ. ಬೇರೆ ವರ್ಣತಂತುಗಳಿಗೆ ಜೋಡಿ ಇದೆ, ಒಂದು ಕೆಟ್ಟರೆ ಇನ್ನೊಂದನ್ನು ನೋಡಿ ತಿದ್ದಿಕೊಳ್ಳಬಹುದು. ವೈ ಒಂಟಿ. ಅದಕ್ಕೇ ಅದು ಮುಖ್ಯ ಭಾಗಗಳನ್ನು ತನ್ನೊಳಗೇ ಎರಡೆರಡು ಪ್ರತಿ ಇಟ್ಟುಕೊಂಡಿದೆ. ನಮ್ಮ ಕೆಲಸದ ಭಾಷೆಯಲ್ಲಿ ಬ್ಯಾಕಪ್. ಕೆಲವು ಭಾಗಗಳಂತೂ ತೆನಾಲಿ ರಾಮನ ಬಿರುದಾದ ವಿಕಟಕವಿಯ ಹಾಗೆ, ಎರಡು ಕಡೆಯಿಂದ ಓದಿದರೂ ಒಂದೇ. ಈ ಏರ್ಪಾಡಿನಲ್ಲಿ ಒಂದು ಅಪಾಯವಿದೆ. ಒಂದೇ ಥರ ಇರುವ ಎರಡು ತುಣುಕುಗಳು ಅಪ್ಪಿತಪ್ಪಿ ಒಂದಕ್ಕೊಂದು ಅಂಟಿಕೊಂಡರೆ ನಡುವಿನದು ಕತ್ತರಿಸಿ ಬಿದ್ದುಹೋಗುತ್ತದೆ. ಎಝಡ್‌ಎಫ್‌ಸಿ ಹೀಗೆ ಬೀಳುವ ಭಾಗ. ಸುಮಾರು 4,000 ಗಂಡಸರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಅಪ್ಪನ ದುಶ್ಚಟ, ಅವ್ವನ ಪಥ್ಯ, ಹೆಂಡತಿಯ ಜಾತಕ, ಹಿಂದಿನ ಜನ್ಮದ ಪಾಪ ಇವುಗಳಿಗೂ ಇದಕ್ಕೂ ಸಂಬಂಧವಿಲ್ಲ. ತಲಕಾಡಿನ ಅಲಮೇಲಮ್ಮನ ಶಾಪದ ಕಥೆ ಕೇಳಿ ಬೆಳೆದವರು ನಾವು. ಮಕ್ಕಳಾಗಲಿಲ್ಲವೆಂದರೆ ಯಾರದೋ ಶಾಪ ಇರಲೇಬೇಕು ಎಂಬುದು ನಮ್ಮ ರಕ್ತದಲ್ಲಿದೆ.

1957ರಲ್ಲಿ ಹಾಲ್ಡೇನ್ ತಮ್ಮ ನಿಶ್ಚಯದಂತೆ ಮತ್ತೆ ಭಾರತಕ್ಕೆ ಬಂದರು. ಪಿ.ಸಿ. ಮಹಲನೋಬಿಸ್ ಅವರ ಕರೆಯ ಮೇಲೆ ಕಲ್ಕತ್ತೆಯ ಭಾರತೀಯ ಸಾಂಖ್ಯಿಕ ಸಂಸ್ಥೆ ಸೇರಿದರು. ಸೂಯೆಜ್ ಕಾಲುವೆಗಾಗಿ ಬ್ರಿಟನ್ ನಡೆಸಿದ ದಾಳಿಯ ಮೇಲಿನ ಸಿಟ್ಟೂ ಅದಕ್ಕೆ ಸೇರಿತ್ತು. ಧೋತಿ ಕುರ್ತಾ ಉಟ್ಟರು, ಸಸ್ಯಾಹಾರಿಯಾದರು, 1961ರಲ್ಲಿ ಭಾರತದ ಪೌರತ್ವ ಪಡೆದರು. ದುಬಾರಿ ಯಂತ್ರಗಳಿಲ್ಲದೆ, ಕಣ್ಣು ಕಾಗದ ಪೆನ್ಸಿಲ್ಲಿನಿಂದ ಮಾಡಬಹುದಾದ ಸಂಶೋಧನೆಗೆ ಹುಡುಗರನ್ನು ಹಚ್ಚಿದರು. ಆಂಧ್ರದ ಶಿಷ್ಯ ಕೃಷ್ಣ ದ್ರೋಣಂರಾಜು ಗಂಡಸರ ಕಿವಿಯ ಅಂಚಿನಲ್ಲಿ ಬೆಳೆಯುವ ಕೂದಲು ಅಪ್ಪನಿಂದ ಮಗನಿಗೆ, ವೈ ವರ್ಣತಂತುವಿನ ಮೂಲಕ ಹೋಗುತ್ತದೆಯೇ ಎಂದು ವಂಶವೃಕ್ಷಗಳನ್ನು ಕಲೆಹಾಕಿದರು. ಹೌದು ಎಂದು ಬಹುಕಾಲ ಪಠ್ಯಪುಸ್ತಕಗಳಲ್ಲೂ ಇತ್ತು. 2004ರಲ್ಲಿ ಡಿಎನ್‌ಎ ಪರೀಕ್ಷೆ ಅದು ಹಾಗಲ್ಲ ಎಂದು ತೋರಿಸಿತು. ಕಿವಿಗೂದಲಿಗೆ ವೈ ಕಾರಣವಲ್ಲ. ಅದರ ಮುಖ್ಯ ಕಸುಬು ಎರಡೇ, ಭ್ರೂಣವನ್ನು ಗಂಡಾಗಿಸುವುದು, ವೀರ್ಯಾಣು ಮಾಡಿಸುವುದು. ಆ ಎರಡನೆಯದು ಹೊಳೆದದ್ದು 1976ರಲ್ಲಿ, ವೀರ್ಯಾಣುಗಳಿಲ್ಲದ ಆರು ಮಂದಿ ಗಂಡಸರ ವೈ ತುದಿ ಮುರಿದಿರುವುದನ್ನು ಇಟಲಿಯ ಟಿಯೆಪೊಲೊ ಮತ್ತು ಝುಫಾರ್ಡಿ ಸೂಕ್ಷ್ಮದರ್ಶಕದಲ್ಲಿ ಕಂಡಾಗ.

ದ್ರೋಣಂರಾಜು ಆಂಧ್ರದಲ್ಲಿ ರಕ್ತಸಂಬಂಧದ ಮದುವೆಗಳನ್ನೂ ಅಧ್ಯಯನ ಮಾಡಿದರು. ಸೋದರಮಾವನನ್ನು, ಅತ್ತೆಯ ಮಗನನ್ನು ಕೊಟ್ಟು ತರುವುದು ನಮ್ಮ ರಾಯಚೂರಿನಲ್ಲೂ ಹೊಸತಲ್ಲ. ನನ್ನ ರಿಪೋರ್ಟು ಕೇಳಿದವರು ಮೊದಲು ಕೇಳುವುದೂ ಅದನ್ನೇ, ನಿಮ್ಮದು ಒಳಗಿನ ಸಂಬಂಧವೇ ಎಂದು. ಅಲ್ಲ. ಆಗಿದ್ದರೂ ವೈ ಬರುವುದು ಅಪ್ಪನೊಬ್ಬನಿಂದ, ಅವ್ವ ಯಾರ ಮಗಳಾದರೂ ಅದರಲ್ಲಿ ವ್ಯತ್ಯಾಸವಿಲ್ಲ.

1962ರಲ್ಲಿ ಬಿಜು ಪಟ್ನಾಯಕರ ಕರೆಯ ಮೇಲೆ ಹಾಲ್ಡೇನ್ ಭುವನೇಶ್ವರಕ್ಕೆ ಹೋದರು. ಎರಡೇ ವರ್ಷದಲ್ಲಿ ಕ್ಯಾನ್ಸರ್ ಅವರನ್ನು ಕೊಂಡೊಯ್ದಿತು. ಹೆಲೆನ್ ಭಾರತ ಬಿಡಲಿಲ್ಲ. ಮುಂದೆ ನಾನಿರುವ ಈ ಹೈದರಾಬಾದಿಗೇ ಬಂದು, 1978ರಲ್ಲಿ ಇಲ್ಲೇ ತೀರಿಕೊಂಡರು.

ಅವರು ಹೋದ ಮೇಲೆ ಇದೇ ಊರಿನಲ್ಲಿ ವೈ ಬಗ್ಗೆ ದೊಡ್ಡ ಕೆಲಸ ನಡೆಯಿತು. ತಾರ್ನಾಕದ ಬಳಿಯ ಸಿಸಿಎಂಬಿ ಸಂಸ್ಥೆಯ ಕೆ. ತಂಗರಾಜ್, ಲಾಲ್‌ಜಿ ಸಿಂಗ್ ಮತ್ತು ಜೊತೆಗಾರರು ವೀರ್ಯಾಣುಗಳಿಲ್ಲದ 340 ಭಾರತೀಯ ಗಂಡಸರ ಡಿಎನ್‌ಎ ನೋಡಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. 29 ಮಂದಿಯಲ್ಲಿ, ಅಂದರೆ ಶೇ. 8.5ರಷ್ಟು ಜನರಲ್ಲಿ, ವೈ ತುಣುಕು ಕಾಣೆಯಾಗಿತ್ತು. ಕಾರಣಗಳು ಇನ್ನೂ ಇವೆ. ಕೆಲವರಿಗೆ ಒಂದು ಎಕ್ಸ್ ಹೆಚ್ಚಾಗಿರುತ್ತದೆ, ಕ್ಲೈನ್‌ಫೆಲ್ಟರ್ ಎಂಬ ಆ ಸ್ಥಿತಿ ಸುಮಾರು 600 ಗಂಡು ಕೂಸುಗಳಲ್ಲಿ ಒಂದಕ್ಕೆ. ಇನ್ನು ಕೆಲವರಿಗೆ ವೀರ್ಯಾಣು ಸಾಗುವ ನಾಳವೇ ಹುಟ್ಟಿನಿಂದ ಇರುವುದಿಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಕಾರಣವೂ ಸೇರಿರುತ್ತದೆ.

ಈಗ ನಮ್ಮ ಮುಂದಿರುವ ಮಾತು. ಎಝಡ್‌ಎಫ್‌ಸಿ ಮಾತ್ರ ಇಲ್ಲದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ವೃಷಣದೊಳಗೆ ಸೂಕ್ಷ್ಮ ಶಸ್ತ್ರಚಿಕಿತ್ಸೆ ಮಾಡಿ ಹುಡುಕಿದರೆ ಒಂದಷ್ಟು ವೀರ್ಯಾಣು ಸಿಗುತ್ತವೆ. ಒಂದೇ ಒಂದನ್ನು ಸೂಜಿಯಿಂದ ಅಂಡಾಣುವಿನೊಳಗೆ ಸೇರಿಸುವ ಇಕ್ಸಿ ವಿಧಾನ 1992ರಿಂದ ಇದೆ. ಮಗಳು ಹುಟ್ಟಿದರೆ ಅವಳಿಗೆ ನನ್ನ ವೈ ಹೋಗುವುದಿಲ್ಲ. ಮಗ ಹುಟ್ಟಿದರೆ ನನ್ನ ವೈ, ಅದರಲ್ಲಿಲ್ಲದ ತುಣುಕಿನ ಸಮೇತ, ಅವನಿಗೆ ಹೋಗುತ್ತದೆ. ಮೂವತ್ತು ವರ್ಷದ ನಂತರ ಅವನೂ ಇದೇ ರಿಪೋರ್ಟು ಹಿಡಿದು ಕೂರಬೇಕಾದೀತು. ಹೆಣ್ಣನ್ನೇ ಆರಿಸಿಕೊಳ್ಳಲು ಕಾನೂನು ಬಿಡುವುದಿಲ್ಲ, ಬಿಡಬಾರದು ಕೂಡ. ನನ್ನ ದೋಷವನ್ನು ತಿಳಿದೂ ತಿಳಿದೂ ಮಗನಿಗೆ ಕೊಡಬಹುದೇ? ಇದು ನನ್ನನ್ನು ಹಲವು ರಾತ್ರಿ ಎಬ್ಬಿಸಿ ಕೂರಿಸಿದೆ.

ಈ ವಿಷಯದಲ್ಲೂ ಹಾಲ್ಡೇನ್ ನನ್ನ ನೆರವಿಗೆ ಬಂದರು. 1930ರ ದಶಕದಲ್ಲಿ ದೋಷವಿರುವವರಿಗೆ ಮಕ್ಕಳಾಗದಂತೆ ಬಲವಂತದ ಶಸ್ತ್ರಚಿಕಿತ್ಸೆ ಮಾಡುವ ಕಾನೂನುಗಳು ಅಮೆರಿಕದ ರಾಜ್ಯಗಳಲ್ಲಿ, ಹಿಟ್ಲರನ ಜರ್ಮನಿಯಲ್ಲಿ ಇದ್ದವು. 1938ರ ತಮ್ಮ ಪುಸ್ತಕದಲ್ಲಿ ಹಾಲ್ಡೇನ್ ಅವುಗಳನ್ನು ಲೆಕ್ಕದಿಂದಲೇ ಪ್ರಶ್ನಿಸಿದರು. ದೋಷಗಳು ಹೊಸದಾಗಿ ಹುಟ್ಟುತ್ತಲೇ ಇರುತ್ತವೆ, ಯಾವ ಸರ್ಕಾರದ ಕತ್ತರಿಯೂ ಅವನ್ನು ಮುಗಿಸಲಾರದು. ನನ್ನ ಮಗನಿಗೆ ಒಂದು ತುಣುಕು ಇಲ್ಲದಿದ್ದರೆ ಅವನಿಗೆ ಬರುವ ಕಷ್ಟ ನನಗೆ ಗೊತ್ತು. ಅದು ಬದುಕಲಾಗದ ಕಷ್ಟವಲ್ಲ ಎಂಬುದೂ ಗೊತ್ತು, ಬದುಕುತ್ತಿದ್ದೇನಲ್ಲ. ನಾನು ಮತ್ತು ನನ್ನ ಹೆಂಡತಿ ಒಂದು ಸಲ ಪ್ರಯತ್ನಿಸುವುದೆಂದು ಮಾತಾಡಿಕೊಂಡಿದ್ದೇವೆ. ಕೈಗೂಡದಿದ್ದರೆ ದತ್ತು ಪಡೆಯಲು ಅರ್ಜಿ ಹಾಕುತ್ತೇವೆ. ಅವ್ವನಿಗೂ ಹೇಳಿದ್ದೇನೆ. ಸೊಸೆಯ ಹೆಸರಿನಲ್ಲಿ ಹೊತ್ತಿದ್ದ ಹರಕೆಗಳನ್ನು ಅವಳು ನಿಲ್ಲಿಸಿದ್ದಾಳೆ.

ಇದನ್ನೆಲ್ಲ ಪತ್ರಿಕೆಯಲ್ಲಿ ಬರೆಯಬೇಕೇ ಎಂದು ಗೆಳೆಯರು ಕೇಳಿದರು. 1964ರಲ್ಲಿ ಲಂಡನ್ನಿನ ಆಸ್ಪತ್ರೆಯಲ್ಲಿ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದಾಗ ಹಾಲ್ಡೇನ್ ತಮ್ಮ ಆ ಕಾಯಿಲೆಯ ಮೇಲೇ ಒಂದು ತಮಾಷೆಯ ಪದ್ಯ ಬರೆದು ಪತ್ರಿಕೆಗೆ ಕೊಟ್ಟರು. ಜನ ಹೇಳಿಕೊಳ್ಳಲು ನಾಚುವ ಜಾಗದ ಕಾಯಿಲೆ ಅದು. ಓದಿದವರು ನಾಚಿಕೆ ಬಿಟ್ಟು ಬೇಗ ಡಾಕ್ಟರ ಹತ್ತಿರ ಹೋಗಲಿ ಎಂಬುದು ಅವರ ಉದ್ದೇಶ. ನನ್ನದೂ ಅಷ್ಟೇ. ಪುಣೆ, ಚೆನ್ನೈ, ದುಬೈ, ಎಲ್ಲೋ ಒಂದು ಬಾಡಿಗೆ ಮನೆಯಲ್ಲಿ ಕೂತು ಇದನ್ನು ಓದುತ್ತಿರುವ ಕನ್ನಡದ ಗಂಡಸರೇ, ಮದುವೆಯಾಗಿ ವರ್ಷ ಕಳೆದರೂ ಮಕ್ಕಳಾಗದಿದ್ದರೆ ಹೆಂಡತಿಯೊಬ್ಬಳನ್ನೇ ಪರೀಕ್ಷೆಗೆ ಕಳಿಸಬೇಡಿ. ನಿಮ್ಮ ವೀರ್ಯ ಪರೀಕ್ಷೆಗೆ ಸೂಜಿ ಬೇಕಿಲ್ಲ, ನೋವಿಲ್ಲ, ಬೇಕಾಗುವುದು ಅರ್ಧ ದಿನದ ರಜೆ ಮಾತ್ರ. ಮೊದಲು ಅದನ್ನು ಮಾಡಿಸಿಕೊಳ್ಳಿ.